ಕಾಟಾ ಕಂಪ್ಯೂಟರಿನ ಫ್ಲಾಪಿ ಮತ್ತು ಕಾಣೆಯಾದ 18 ಸೆಕ್ಟರ್

ಗಂಗಾವತಿಯಿಂದ ಕಾರಟಗಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ರೈಸ್ ಮಿಲ್ ಇದೆ. ಗೇಟು ದಾಟಿದ ಕೂಡಲೇ ಎಡಕ್ಕೆ ಕಾಟಾ. ಬೋರ್ಡಿನಲ್ಲಿ ವೇ ಬ್ರಿಡ್ಜ್ ಅಂತ ಬರೆದಿದ್ದರೂ ನಾವೆಲ್ಲ ಕಾಟಾ ಅಂತಲೇ ಕರೆಯುತ್ತೇವೆ. ಭತ್ತದ ಟ್ರ್ಯಾಕ್ಟರ್, ಅಕ್ಕಿಯ ಲಾರಿ, ತೌಡಿನ ಗಾಡಿ, ಯಾವುದೇ ಇರಲಿ, ಮೊದಲು ಅದರ ಮೇಲೆ ನಿಲ್ಲಬೇಕು. ಪಕ್ಕದ ಸಣ್ಣ ಕೋಣೆಯಲ್ಲಿ ತೂಕ ತೋರಿಸುವ ಇಂಡಿಕೇಟರ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಮತ್ತು ಹಳೆಯ ಪೆಂಟಿಯಮ್ ಕಂಪ್ಯೂಟರ್.

ಆ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಇಲ್ಲ. ಮೊದಲಿದ್ದದ್ದು ಕೆಟ್ಟ ಮೇಲೆ ಯಾರೂ ಹೊಸದು ಹಾಕಲಿಲ್ಲ, ಯಾಕೆಂದರೆ ಬೇಕಾಗಲಿಲ್ಲ. ಒಂದೇ ಒಂದು 1.44 ಎಂಬಿ ಫ್ಲಾಪಿಯಿಂದ, ಅಂದರೆ ಹೊರಗಿನಿಂದ ಹಾಕಿ ತೆಗೆಯುವ ಸಣ್ಣ ಡಿಸ್ಕಿನಿಂದ, ಎಂಎಸ್-ಡಾಸ್ 6.22 ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್ ಏಳುತ್ತದೆ. ಅದೇ ಫ್ಲಾಪಿಯಲ್ಲಿ ತೂಕದ ಪ್ರೋಗ್ರಾಮ್ ಇದೆ. ಅದು ಸೀರಿಯಲ್ ಕೇಬಲ್ ಮೂಲಕ ಇಂಡಿಕೇಟರಿನಿಂದ ತೂಕ ಓದುತ್ತದೆ, ಚೀಟಿ ಪ್ರಿಂಟ್ ಮಾಡುತ್ತದೆ, ಕೊನೆಯ ಚೀಟಿಯ ನಂಬರನ್ನು ಮತ್ತೆ ಫ್ಲಾಪಿಗೇ ಬರೆದಿಡುತ್ತದೆ. ಈ ಕೊನೆಯ ವಿಷಯ ನೆನಪಿಟ್ಟುಕೊಳ್ಳಿ. ಆ ನಂಬರನ್ನು ಪ್ರೋಗ್ರಾಮ್ ಬರೆಯಬೇಕು ಅಂದರೆ ಫ್ಲಾಪಿಯ ಮೂಲೆಯಲ್ಲಿರುವ, ತೆರೆದರೆ ಬರೆಯುವುದನ್ನು ತಡೆಯುವ ರೈಟ್ ಪ್ರೊಟೆಕ್ಟ್ ಕಿಂಡಿ ಮುಚ್ಚಿರಲೇಬೇಕು. ಈ ಕಥೆಯಲ್ಲಿ ಪೆಟ್ಟು ಬಿದ್ದದ್ದು ಅಲ್ಲಿಯೇ.

ಡಿಸೆಂಬರ್ ಮೊದಲ ವಾರ. ತುಂಗಭದ್ರಾ ಎಡದಂಡೆ ನಾಲೆಯ ಕೆಳಗಿನ ಗದ್ದೆಗಳೆಲ್ಲ ಒಟ್ಟಿಗೇ ಕೊಯ್ಲಿಗೆ ಬಂದಿದ್ದವು. ಬೆಳಿಗ್ಗೆ ಎಂಟಕ್ಕೆ ಕಾಟಾ ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ.

"ಅಣ್ಣಾ, ಕಂಪ್ಯೂಟರ್ ಏಳವಲ್ದು. ಫ್ಲಾಪಿ ಲೈಟ್ ಹತ್ತೈತಿ, ಆರವಲ್ದು."

ಆ ಎರಡನೇ ಮಾತು ಕೇಳಿ ಎದೆ ಝಲ್ ಅಂತು. "ನೀನೇನಾದರೂ ಡಬ್ಬಿ ಬಿಚ್ಚಿದ್ದೆಯಾ?" ಅಂತ ಕೇಳಿದೆ. ಬಿಚ್ಚಿದ್ದ. ವಾರದಿಂದ ಮೂರು ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದರೆ ಮಾತ್ರ ಬೂಟ್ ಆಗುತ್ತಿತ್ತಂತೆ. ಆ ದಿನ ಎಷ್ಟು ಸಲ ಮಾಡಿದರೂ ಆಗಲಿಲ್ಲ. ಧೂಳು ಇರಬೇಕು ಅಂತ ಬಿಚ್ಚಿ ಊದಿದ್ದಾನೆ. ಆಗ ಫ್ಲಾಪಿಯ ಕೇಬಲ್ ಕಳಚಿಕೊಂಡಿತು. ಮತ್ತೆ ಸಿಕ್ಕಿಸಿ, ಫ್ಲಾಪಿ ಹಾಕಿ, ಆನ್ ಮಾಡಿದ್ದಾನೆ.

"ಈಗಲೇ ಫ್ಲಾಪಿ ಹೊರಗೆ ತೆಗಿ. ಮತ್ತೆ ಯಾವ ಫ್ಲಾಪಿಯನ್ನೂ ಹಾಕಬೇಡ. ನಾನು ಬರ್ತೀನಿ" ಅಂದೆ.

ಹುಡುಗನದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಆ ಕೇಬಲ್ ಉಲ್ಟಾ ಹಾಕಿದರೂ ಅಷ್ಟೇ ಸಲೀಸಾಗಿ ಕೂರುತ್ತದೆ. ತಡೆಯಲು ಹಲ್ಲು ಇರುವ ಕನೆಕ್ಟರ್ ಕೆಲವಕ್ಕೆ ಇರುತ್ತದೆ, ಇದಕ್ಕೆ ಇರಲಿಲ್ಲ. ಆದರೆ ಉಲ್ಟಾ ಹಾಕಿದರೆ ಆಗುವ ಅನಾಹುತ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫ್ಲಾಪಿ ಕೇಬಲಿನಲ್ಲಿ 34 ತಂತಿ. ಬೆಸ ಸಂಖ್ಯೆಯವೆಲ್ಲ ಗ್ರೌಂಡ್, ಅಂದರೆ ಸೊನ್ನೆ ವೋಲ್ಟಿನವು. ಸಮ ಸಂಖ್ಯೆಯವು ಕೆಲಸದ ತಂತಿಗಳು: ಮೋಟರ್ ತಿರುಗಿಸು, ಹೆಡ್ (ಡಿಸ್ಕನ್ನು ಓದಿ ಬರೆಯುವ ತುದಿ) ಸರಿಸು, ಬರೆ, ಮೇಲಿನ ಬದಿ ಆರಿಸು, ಹೀಗೆ. ಇವುಗಳ ನಿಯಮ ಏನಪ್ಪಾ ಅಂದರೆ, ತಂತಿಯನ್ನು ಗ್ರೌಂಡಿಗೆ ಎಳೆದರೆ ಆಜ್ಞೆ ಕೊಟ್ಟಂತೆ. ಈಗ ಕೇಬಲ್ ಉಲ್ಟಾ ಕೂತಿತು ಅಂದುಕೊಳ್ಳಿ. ಡ್ರೈವಿನ ಪ್ರತಿಯೊಂದು ಕೆಲಸದ ಪಿನ್‌ಗೂ ಆ ಕಡೆಯಿಂದ ಒಂದು ಗ್ರೌಂಡ್ ತಂತಿ ಬಂದು ತಗಲುತ್ತದೆ. ಅಂದರೆ ಎಲ್ಲಾ ಆಜ್ಞೆಯೂ ಒಮ್ಮೆಗೇ! ಲೈಟ್ ಆರದೇ ಉರಿಯುವುದು ಅದಕ್ಕೆ. 'ಬರೆ' ಅನ್ನುವ ಆಜ್ಞೆಯೂ ಅದರಲ್ಲಿ ಸೇರಿದೆ. ಬರೆಯಲು ಡೇಟಾ ಏನೂ ಇಲ್ಲದಿದ್ದರೂ ಹೆಡ್ಡಿನಲ್ಲಿ ಕರೆಂಟ್ ಹರಿಯುತ್ತದೆ, ಹೆಡ್ ನಿಂತಿರುವ ಟ್ರ್ಯಾಕ್, ಅಂದರೆ ಡಿಸ್ಕಿನ ಮೇಲಿನ ಆ ಒಂದು ವೃತ್ತ, ಒಂದೇ ಸುತ್ತಿನಲ್ಲಿ ಅಳಿಸಿಹೋಗುತ್ತದೆ. ಡಿಸ್ಕ್ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸೆಕೆಂಡಿನ ಐದನೇ ಒಂದು ಭಾಗ ಸಾಕು.

ಹಾಗಾಗಿ ಫ್ಲಾಪಿ ಬೂಟ್ ಆಗದ ಯಾವುದೇ ಮಷೀನಿಗೆ ಕೈ ಹಾಕುವ ಮೊದಲು ನಾನು ಮಾಡುವ ಕೆಲಸ ಒಂದೇ. ಅಸಲಿ ಫ್ಲಾಪಿಯ ಮೂಲೆಯ ಕಪ್ಪು ಗುಂಡಿ ಸರಿಸಿ ಕಿಂಡಿ ತೆರೆಯುತ್ತೇನೆ. ಕಿಂಡಿ ತೆರೆದಿದ್ದರೆ ಡ್ರೈವಿನ ಸರ್ಕ್ಯೂಟೇ ಬರೆಯಲು ಬಿಡುವುದಿಲ್ಲ.

ಮಿಲ್ಲಿಗೆ ಹೋದಾಗ ಕಾಟಾ ಮುಂದೆ ಹನ್ನೆರಡು ಟ್ರ್ಯಾಕ್ಟರ್ ನಿಂತಿದ್ದವು. ತೂಕಕ್ಕೇನೂ ತೊಂದರೆ ಇರಲಿಲ್ಲ. ಇಂಡಿಕೇಟರ್ ತಾನೇ ತೂಕ ತೋರಿಸುತ್ತದೆ, ಅದಕ್ಕೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆಯೂ ಇದೆ. ಹುಡುಗ ಕೈಯಲ್ಲೇ ಚೀಟಿ ಬರೆದು ಕೊಡುತ್ತಿದ್ದ. ಆದರೆ ಕೈಬರಹದ ಚೀಟಿ ಅಂದರೆ ರೈತರಿಗೂ ಅನುಮಾನ, ಸಾವ್ಕಾರ್ರಿಗೂ ಸಮಾಧಾನ ಇಲ್ಲ. ಒಬ್ಬ ಹಿರಿಯರು ಚೀಟಿ ಹಿಡಿದುಕೊಂಡು ಇಂಡಿಕೇಟರನ್ನೇ ಎರಡು ಸಲ ನೋಡಿ ಹೋದರು.

ಪವರ್ ತೆಗೆದು, ಟಾರ್ಚ್ ಹಿಡಿದು ನೋಡಿದೆ. ಕೇಬಲಿನ ಕೆಂಪು ಅಂಚು ಒಂದನೇ ಪಿನ್ ಕಡೆಗೆ ಇರಬೇಕು. ಡ್ರೈವಿನ ಬೋರ್ಡಿನ ಮೇಲೆ ಪಿನ್ ಪಕ್ಕದಲ್ಲಿ ಸಣ್ಣದಾಗಿ 1 ಅಂತ ಬರೆದಿತ್ತು. ಕೆಂಪು ಅಂಚು ಇದ್ದದ್ದು ಆಚೆ ತುದಿಯಲ್ಲಿ. ತಿರುಗಿಸಿ ಸಿಕ್ಕಿಸಿದೆ. ಕನೆಕ್ಟರನ್ನು ಮಾತ್ರ ಅವನು ಸರಿಯಾಗಿಯೇ ಆರಿಸಿದ್ದ: 10ರಿಂದ 16ರವರೆಗಿನ ತಂತಿಗಳು ತಿರುಚಿರುವ ಜಾಗ ದಾಟಿ ತುದಿಯ ಕನೆಕ್ಟರಿಗೇ ಡ್ರೈವ್ ಇತ್ತು. ತಿರುಚಿದ್ದಕ್ಕಿಂತ ಮೊದಲಿನ ಕನೆಕ್ಟರಿಗೆ ಹಾಕಿದ್ದರೆ ಅದು ಬಿ ಡ್ರೈವ್ ಆಗುತ್ತಿತ್ತು, ಬೂಟೇ ಆಗುತ್ತಿರಲಿಲ್ಲ.

ಫ್ಲಾಪಿ ಹಾಕದೆ ಆನ್ ಮಾಡಿದೆ. ಮೆಮೊರಿ ಎಣಿಸಿತು, ಲೈಟ್ ಒಮ್ಮೆ ಹತ್ತಿ ಗರ್ರ್ ಅಂತ ಹೆಡ್ ಸರಿದು ಆರಿತು. ಆನ್ ಮಾಡಿದ ಕೂಡಲೇ ಎಲ್ಲಕ್ಕಿಂತ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್ ಬಯಾಸ್. ಅದರ ಸೆಟಪ್ ಒಳಗೆ ಹೋಗಿ ನೋಡಿದೆ. ಎ ಡ್ರೈವ್ 1.44, ಬೂಟ್ ಸರದಿಯಲ್ಲಿ ಎ ಮೊದಲು. ತಾರೀಖು ಮಾತ್ರ ಹಿಂದೆ ಬಿದ್ದಿತ್ತು. 3 ವೋಲ್ಟಿನ ಸೆಲ್ 2.6 ತೋರಿಸುತ್ತಿತ್ತು. ಬದಲಾಯಿಸಿದೆ. ಫ್ಲಾಪಿ ಡ್ರೈವಿನ ಸಣ್ಣ ಪವರ್ ಕನೆಕ್ಟರಿನಲ್ಲಿ ಕೆಂಪು ತಂತಿಗೆ 5 ವೋಲ್ಟ್ ಸರಿಯಾಗಿತ್ತು.

ಆಮೇಲೆ ನನ್ನದೇ ಒಂದು ಬೂಟ್ ಫ್ಲಾಪಿ ಹಾಕಿದೆ. ಬೇರೆ ಮಷೀನಿನಲ್ಲಿ ಹಿಂದಿನ ದಿನವೇ ಬೂಟ್ ಆಗಿದ್ದದ್ದು, ಹೋದರೂ ಚಿಂತೆ ಇಲ್ಲದ್ದು. ತೆರೆಯ ಮೇಲೆ ಬಂತು: ಡಿಸ್ಕ್ ಬೂಟ್ ಫೇಲ್ಯೂರ್, ಇನ್ಸರ್ಟ್ ಸಿಸ್ಟಮ್ ಡಿಸ್ಕ್ ಆಂಡ್ ಪ್ರೆಸ್ ಎಂಟರ್.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಫ್ಲಾಪಿ ಬೂಟ್ ಆಗಲಿಲ್ಲ ಅಂದಾಗ ತೆರೆಯ ಮೇಲೆ ಬರುವ ಸಾಲುಗಳೆಲ್ಲ ಒಂದೇ ಥರ ಕಾಣುತ್ತವೆ. ಹೆಚ್ಚಿನವರು ಓದುವುದೇ ಇಲ್ಲ, 'ಎರರ್ ಬಂತು' ಅಂತ ಅಷ್ಟೇ ಹೇಳುತ್ತಾರೆ. ಆದರೆ ಒಂದೊಂದು ಸಾಲನ್ನು ಹೇಳುವವರು ಒಬ್ಬೊಬ್ಬರು. ಮಾತಾಡುತ್ತಿರುವುದು ಯಾರು ಅಂತ ಗೊತ್ತಾದರೆ ಕೆಲಸ ಎಲ್ಲಿಯವರೆಗೆ ಬಂದು ನಿಂತಿದೆ ಅನ್ನುವುದು ತಾನಾಗಿ ತಿಳಿಯುತ್ತದೆ.

'ಫ್ಲಾಪಿ ಡಿಸ್ಕ್ ಫೇಲ್ 40' ಅಂತ ಬಂದರೆ ಅದು ಬಯಾಸ್ ಮಾತು. ಡ್ರೈವೇ ಉತ್ತರ ಕೊಡುತ್ತಿಲ್ಲ, ಕೇಬಲ್, ಪವರ್ ನೋಡು ಅಂತ ಅರ್ಥ. 'ಡಿಸ್ಕ್ ಬೂಟ್ ಫೇಲ್ಯೂರ್' ಕೂಡ ಬಯಾಸೇ ಹೇಳುವುದು. ಡ್ರೈವ್ ಇದೆ, ಆದರೆ ಮೊದಲ ಸೆಕ್ಟರ್, ಅಂದರೆ ಟ್ರ್ಯಾಕಿನ 512 ಬೈಟಿನ ಮೊದಲ ತುಂಡು, ನನ್ನ ಕೈಗೆ ಸಿಗಲಿಲ್ಲ ಅಂತ. ಮೊದಲ ಸೆಕ್ಟರ್ ಸಿಕ್ಕಿದರೆ ಬಯಾಸ್ ಆ 512 ಬೈಟನ್ನು ಮೆಮೊರಿಗೆ ತಂದು, ಇನ್ನು ನೀನೇ ನೋಡಿಕೋ ಅಂತ ಅದಕ್ಕೆ ಬಿಟ್ಟುಕೊಟ್ಟು ಸುಮ್ಮನಾಗುತ್ತದೆ. ಅಲ್ಲಿಂದ ಮುಂದೆ ಮಾತಾಡುವುದು ಫ್ಲಾಪಿ. 'ನಾನ್-ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್' ಅನ್ನುವ ಸಾಲು ಆ 512 ಬೈಟಿನ ಒಳಗೇ ಬರೆದಿರುತ್ತದೆ. ಆ ಸಾಲು ಕಂಡರೆ ಡ್ರೈವ್ ಓದುತ್ತಿದೆ, ಡಿಸ್ಕಿನ ಮೊದಲ ಸೆಕ್ಟರ್ ಚೆನ್ನಾಗಿದೆ, ಅದು ಡಾಸ್ ಫೈಲುಗಳನ್ನು ಹುಡುಕಲು ಹೋಗಿ ಬರಿಗೈಲಿ ಬಂದಿದೆ ಅಂತ ಅರ್ಥ. 'ಸ್ಟಾರ್ಟಿಂಗ್ ಎಂಎಸ್-ಡಾಸ್' ಬಂದರೆ ಡಾಸ್ ಎದ್ದಿದೆ, ಇನ್ನು ತೊಂದರೆ ಏನಿದ್ದರೂ ಅದರಾಚೆ.

ನನ್ನ ಒಳ್ಳೆಯ ಫ್ಲಾಪಿಗೂ ಬಯಾಸೇ ಮಾತಾಡುತ್ತಿತ್ತು. ಹಾಗಾದರೆ ಡ್ರೈವ್ ಓದುತ್ತಿಲ್ಲ.

ಬಿಚ್ಚಿ ಮೇಲಿನ ತಗಡು ತೆಗೆದೆ. ಒಳಗೆ ತೌಡು. ಮಿಲ್ಲಿನ ಗಾಳಿಯಲ್ಲೆಲ್ಲ ಇರುವ ಆ ನಯವಾದ ಪುಡಿ, ತೌಡಿನ ಎಣ್ಣೆಯ ಜಿಡ್ಡಿನೊಂದಿಗೆ ಎಲ್ಲದರ ಮೇಲೂ ಕೆನೆಯಂತೆ ಕೂತಿತ್ತು. ಹುಡುಗ ಊದಿದ್ದರಿಂದ ಅದು ಇನ್ನಷ್ಟು ಒಳಗೆ ಸರಿದಿತ್ತು. ಡ್ರೈವಿಗೆ ಬಾಯಿಂದ ಊದಬೇಡಿ, ಒದ್ದೆ ಗಾಳಿ ಬೇರೆ. ಮೆತ್ತನೆಯ ಬಣ್ಣದ ಬ್ರಷ್‌ನಿಂದ ಹೊರಗೆ ಗುಡಿಸಿದೆ.

ಹೆಡ್ ಎರಡು, ಕೆಳಗೊಂದು ಮೇಲೊಂದು. ಹತ್ತಿಯ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಕೆಳಗಿನದನ್ನು ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಅದು ತೌಡು ಮಾತ್ರ ಅಲ್ಲ, ಫ್ಲಾಪಿಯಿಂದ ಉದುರಿದ ಲೇಪನವೂ ಸೇರಿತ್ತು. ನಾಲ್ಕನೇ ಕಡ್ಡಿ ಬೆಳ್ಳಗೆ ಬಂತು. ಮೇಲಿನ ಹೆಡ್ ಇರುವ ತೋಳು ತೆಳ್ಳಗಿನ ಸ್ಪ್ರಿಂಗ್ ಮೇಲೆ ನಿಂತಿರುತ್ತದೆ. ಅದನ್ನು ಕಡ್ಡಿ ಹೋಗುವಷ್ಟೇ ಎತ್ತಬೇಕು. ಜಾಸ್ತಿ ಎತ್ತಿದರೆ ಬಾಗುತ್ತದೆ, ಬಾಗಿದರೆ ಆ ಡ್ರೈವ್ ಮತ್ತೆ ಸರಿಹೋಗುವುದಿಲ್ಲ. ಆ ಹೊತ್ತು ನಾನು ಉಸಿರು ಬಿಗಿಹಿಡಿದೇ ಒರೆಸಿದ್ದು.

ವಾರದಿಂದ ತೊಂದರೆ ಕೊಡುತ್ತಿದ್ದ ಅಸಲಿ ಜಾಗ ಇನ್ನೊಂದಿತ್ತು. ಹೆಡ್ಡನ್ನು ಹಿಂದೆ ಮುಂದೆ ಒಯ್ಯುವ ಸುರುಳಿ ಕಂಬಿ. ಅದರ ಗ್ರೀಸ್ ಒಣಗಿ, ತೌಡು ಬೆರೆತು, ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಹಿಡಿದುಕೊಂಡಿತ್ತು. ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ಒಂದು ಜಾಗದಲ್ಲಿ ಹೆಡ್ ಎಳೆದುಕೊಂಡು ನಿಲ್ಲುತ್ತಿತ್ತು. 80 ಟ್ರ್ಯಾಕಿನ ಡಿಸ್ಕಿನಲ್ಲಿ ಟ್ರ್ಯಾಕ್ ಟ್ರ್ಯಾಕಿನ ನಡುವೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟೂ ಜಾಗ ಇಲ್ಲ. ಅಷ್ಟರಲ್ಲಿ ಹೆಡ್ ಸ್ವಲ್ಪ ತಡವರಿಸಿದರೂ ಓದಲು ಏನೂ ಸಿಗುವುದಿಲ್ಲ. ಹಳೆ ಗ್ರೀಸ್ ಪೂರ್ತಿ ಒರೆಸಿ, ಹೊಲಿಗೆ ಮಷೀನ್ ಎಣ್ಣೆ ಒಂದೇ ತೊಟ್ಟು ಕಡ್ಡಿಯಿಂದ ಸವರಿದೆ.

ಜೋಡಿಸಿ ನನ್ನ ಫ್ಲಾಪಿ ಹಾಕಿದೆ. ಸ್ಟಾರ್ಟಿಂಗ್ ಎಂಎಸ್-ಡಾಸ್. ಐದು ಸಲ ಆಫ್ ಆನ್ ಮಾಡಿದೆ, ಐದು ಸಲವೂ ಬಂತು. ಡ್ರೈವ್ ಸರಿಯಾಯಿತು.

ಇನ್ನು ಅವರ ಫ್ಲಾಪಿ. ಕಿಂಡಿ ತೆರೆದು ಹಾಕಿದೆ. ನಾನ್-ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್. ಫ್ಲಾಪಿ ತಾನೇ ಮಾತಾಡಿತು. ಮೊದಲ ಸೆಕ್ಟರ್ ಬದುಕಿದೆ. ಡಾಸ್ ಸಿಗುತ್ತಿಲ್ಲ.

"ಇನ್ನೊಂದು ಕಾಪಿ ಐತಲ್ಲಣ್ಣ" ಅಂತ ಹುಡುಗ ಡ್ರಾದಿಂದ ತೆಗೆದು ಕೊಟ್ಟ. ಹಾಕುವ ಮೊದಲು ಅದರ ತಗಡಿನ ಬಾಗಿಲು ಸರಿಸಿ ಟಾರ್ಚ್ ಬೆಳಕಿಗೆ ಹಿಡಿದೆ. ಡಿಸ್ಕಿನ ಮೇಲೆ ಬೂಷ್ಟಿನ ಬಿಳಿ ಚುಕ್ಕೆಗಳು. ಅದನ್ನು ಹಾಕಿದ್ದರೆ ಆಗಷ್ಟೇ ಒರೆಸಿದ ಹೆಡ್ ಮತ್ತೆ ಹಾಳಾಗುತ್ತಿತ್ತು. ಮಾಡಿಟ್ಟ ದಿನದಿಂದ ಯಾರೂ ಅದರಿಂದ ಒಮ್ಮೆಯೂ ಬೂಟ್ ಮಾಡಿ ನೋಡಿರಲಿಲ್ಲ. ಪ್ರೋಗ್ರಾಮ್ ಮಾಡಿಕೊಟ್ಟವರು ಈಗ ಆ ಕೆಲಸದಲ್ಲಿ ಇಲ್ಲ. ಅಂದರೆ ಆ ಪ್ರೋಗ್ರಾಮ್ ಇರುವುದು ನನ್ನ ಕೈಯಲ್ಲಿರುವ, ಅರ್ಧ ಅಳಿಸಿದ ಒಂದೇ ಫ್ಲಾಪಿಯಲ್ಲಿ.

ಸಾವ್ಕಾರ್ರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಫ್ಲಾಪಿಯನ್ನು ಅಂಗಡಿಗೆ ತಂದೆ.

ಅಂಗಡಿಯಲ್ಲಿ ಒಂದು ಲಿನಕ್ಸ್ ಮಷೀನಿಗೆ ಹಳೆಯ ಮಾದರಿಯ ಒಳಗಿನ ಫ್ಲಾಪಿ ಡ್ರೈವನ್ನೇ ಇಟ್ಟುಕೊಂಡಿದ್ದೇನೆ. ಏಟು ತಿಂದ ಡಿಸ್ಕಿಗೆ ಯುಎಸ್‌ಬಿ ಡ್ರೈವಿಗಿಂತ ಅದೇ ವಾಸಿ ಅನ್ನುವುದು ನನ್ನ ಅನುಭವ. ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮಿನಿಂದ ಇಡೀ ಡಿಸ್ಕಿನ ನಕಲು ತೆಗೆಯಲು ಬಿಟ್ಟೆ. ಇದು ಓದಲು ಬರದ ಜಾಗ ಬಂದರೆ ಅಲ್ಲೇ ಕೂರುವುದಿಲ್ಲ, ಗುರುತು ಹಾಕಿಕೊಂಡು ಮುಂದೆ ಹೋಗಿ, ಆಮೇಲೆ ಬಂದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

1.44 ಎಂಬಿ ಫ್ಲಾಪಿಯಲ್ಲಿ ಒಟ್ಟು 2880 ಸೆಕ್ಟರ್. ಮೊದಲ ಸುತ್ತಿನಲ್ಲಿ 21 ಸಿಗಲಿಲ್ಲ. ಎರಡನೇ ಸುತ್ತಿನಲ್ಲಿ ಮೂರು ಸಿಕ್ಕಿದವು. ಉಳಿದದ್ದು 18. ರಾತ್ರಿಯೆಲ್ಲ ಬಿಟ್ಟರೂ 18ಕ್ಕೆ 18.

ಆ ಸಂಖ್ಯೆ ನೋಡಿ ನನಗೆ ಸಂತೋಷವೇ ಆಯಿತು. ಯಾಕೆಂದರೆ ಡಿಸ್ಕ್ ಸವೆದು ಹಾಳಾಗಿದ್ದರೆ ಅಲ್ಲೊಂದು ಇಲ್ಲೊಂದು ಹೋಗಿರುತ್ತದೆ. ಒಂದು ಟ್ರ್ಯಾಕಿನ ಒಂದು ಬದಿಯಲ್ಲಿ ಇರುವುದು ಸರಿಯಾಗಿ 18 ಸೆಕ್ಟರ್. ಗುರುತಿನ ಫೈಲ್ ತೆರೆದರೆ ಕಳೆದ ಜಾಗ 9216ನೇ ಬೈಟಿನಿಂದ ಶುರುವಾಗಿ 9216 ಬೈಟ್ ಉದ್ದ ಇತ್ತು. ಸೊನ್ನೆಯಿಂದ ಎಣಿಸಿದರೆ 18ರಿಂದ 35ರವರೆಗಿನ ಸೆಕ್ಟರ್. ಸೊನ್ನೆಯನೇ ಟ್ರ್ಯಾಕಿನ ಮೇಲಿನ ಬದಿ, ಪೂರ್ತಿ.

ಉಲ್ಟಾ ಕೇಬಲ್ ಮಾಡುವುದು ಇದನ್ನೇ. ಹುಡುಗ ಅದಕ್ಕೆ ಮೊದಲು ಹಲವು ಸಲ ಬೂಟ್ ಮಾಡಲು ನೋಡಿದ್ದರಿಂದ ಹೆಡ್ ಸೊನ್ನೆಯನೇ ಟ್ರ್ಯಾಕಿನಲ್ಲೇ ನಿಂತಿತ್ತು. 'ಮೇಲಿನ ಬದಿ' ಅನ್ನುವ ತಂತಿಯೂ ಗ್ರೌಂಡಿಗೆ ತಗಲಿದ್ದರಿಂದ ಅಳಿಸಿದ್ದು ಮೇಲಿನದು. ಕೆಳಗಿನ ಬದಿ ಉಳಿಯಿತು. ಉಳಿದ ಆ ಬದಿಯಲ್ಲೇ ಬೂಟ್ ಸೆಕ್ಟರ್ ಇದೆ, ಫೈಲುಗಳ ತುಂಡುಗಳು ಎಲ್ಲೆಲ್ಲಿವೆ ಅಂತ ಹೇಳುವ ಫ್ಯಾಟ್ ಕೋಷ್ಟಕವೂ ಇದೆ. ತೆರೆಯ ಮೇಲೆ ಬಂದ ಸಾಲಿಗೂ ಇದಕ್ಕೂ ತಾಳೆಯಾಯಿತು.

ಹೋದದ್ದು ಏನೇನು ಅಂತ ಲೆಕ್ಕ ಹಾಕಿದೆ. ಫ್ಯಾಟ್‌ನ ಎರಡನೇ ಪ್ರತಿಯ ಕೊನೆಯ ಒಂದು ಸೆಕ್ಟರ್. ಮೊದಲ ಪ್ರತಿ ಪೂರ್ತಿ ಇರುವಾಗ ಅದು ಬೇಕಾಗಿಲ್ಲ. ಫೈಲುಗಳ ಹೆಸರಿರುವ ರೂಟ್ ಡೈರೆಕ್ಟರಿ, 14 ಸೆಕ್ಟರ್, ಎಲ್ಲವೂ. ಮತ್ತು ಡೇಟಾದ ಮೊದಲ ಮೂರು ಸೆಕ್ಟರ್. ಬೂಟ್ ಫ್ಲಾಪಿಯಲ್ಲಿ ಡೇಟಾದ ಆರಂಭದಲ್ಲಿ ಕೂರುವುದು ಐಒ.ಸಿಸ್. ಅದು ಡಾಸ್ ಸಾಮಾನು, ನನ್ನ ಹತ್ತಿರ ಬೇಕಾದಷ್ಟಿದೆ. ಅಂದರೆ ತೂಕದ ಪ್ರೋಗ್ರಾಮಿನ ಒಂದು ಬೈಟೂ ಹೋಗಿಲ್ಲ. ಹೋಗಿರುವುದು ಅದರ ಹೆಸರು ಮತ್ತು ವಿಳಾಸ.

ವಿಳಾಸ ಹುಡುಕುವುದು ಹೀಗೆ. ಫ್ಯಾಟ್ ಕೋಷ್ಟಕದಲ್ಲಿ ಪ್ರತಿ ಸೆಕ್ಟರಿಗೂ ಒಂದು ಮನೆ. ಆ ಮನೆಯಲ್ಲಿ ಈ ಫೈಲಿನ ಮುಂದಿನ ತುಂಡು ಎಲ್ಲಿದೆ ಅನ್ನುವ ನಂಬರ್ ಇರುತ್ತದೆ. ಒಂದರ ಬಾಲ ಹಿಡಿದು ಇನ್ನೊಂದು. ಯಾವ ಮನೆಯ ನಂಬರನ್ನು ಬೇರೆ ಯಾರೂ ಹೇಳುವುದಿಲ್ಲವೋ ಅದೇ ಒಂದು ಫೈಲಿನ ತಲೆ. ಪೈಥಾನ್‌ನಲ್ಲಿ ಮೂವತ್ತು ಸಾಲು ಬರೆದೆ, ಎಲ್ಲಾ ಸರಪಳಿಗಳನ್ನೂ ಬಿಡಿಸಿ ಬೇರೆ ಬೇರೆ ಫೈಲಿಗೆ ಹಾಕಲು. ಒಂಬತ್ತು ಸರಪಳಿ ಸಿಕ್ಕಿದವು.

ಮೊದಲಿನದು 80 ಸೆಕ್ಟರ್ ಉದ್ದ. 6.22ರ ಐಒ.ಸಿಸ್ 40,774 ಬೈಟ್, ಅಂದರೆ 80 ಸೆಕ್ಟರೇ. ಎರಡನೆಯದು 75, ಎಂಎಸ್‌ಡಾಸ್.ಸಿಸ್. ಇನ್ನೊಂದು 107, ಕಮಾಂಡ್.ಕಾಮ್. ಈ ಮೂರೂ ಅಳತೆಗೆ ಸರಿಯಾಗಿ ಕೂತಾಗ ಸರಪಳಿ ಬಿಡಿಸಿದ್ದು ಸರಿ ಅಂತ ಧೈರ್ಯ ಬಂತು. ಆಮೇಲೆ ಒಂದು ದೊಡ್ಡ ಸರಪಳಿಯ ಮೊದಲೆರಡು ಅಕ್ಷರ ಎಂ ಮತ್ತು ಝಡ್. ಡಾಸ್ ಕಟ್ಟಿದವರಲ್ಲಿ ಒಬ್ಬರಾದ ಮಾರ್ಕ್ ಝ್ಬಿಕೋವ್ಸ್ಕಿ ಅವರ ಹೆಸರಿನ ಮೊದಲಕ್ಷರಗಳು ಅವು. ಡಾಸ್‌ನ ಪ್ರತಿ ಇಎಕ್ಸ್‌ಇ ಫೈಲಿನ ಹಣೆಯ ಮೇಲೂ ಅದೇ ಬರಹ. ಗಂಗಾವತಿಯ ಕಾಟಾ ಪ್ರೋಗ್ರಾಮ್ ಗುರುತು ಸಿಕ್ಕಿದ್ದು ಅದರಿಂದ.

ಹೆಸರಿಲ್ಲದಿದ್ದರೆ ಅದು ಓಡುವುದಿಲ್ಲ ಅಲ್ವಾ? ಒಂದೇ ಸೆಕ್ಟರಿನ ಎರಡು ಸಣ್ಣ ಸರಪಳಿ ಇದ್ದವು. ತೆರೆದರೆ ಕಾನ್ಫಿಗ್.ಸಿಸ್ ಮತ್ತು ಆಟೋಎಕ್ಸೆಕ್.ಬ್ಯಾಟ್. ಆಟೋಎಕ್ಸೆಕ್‌ನ ಕೊನೆಯ ಸಾಲಿನಲ್ಲಿ ಪ್ರೋಗ್ರಾಮಿನ ಹೆಸರು ಇತ್ತು. ಆ ಪ್ರೋಗ್ರಾಮಿನ ಹೊಟ್ಟೆಯೊಳಗೆ ಹುಡುಕಿದರೆ ಅದು ತೆರೆಯುವ ಮೂರು ಫೈಲುಗಳ ಹೆಸರು ಸಿಕ್ಕಿದವು: ಸೀರಿಯಲ್ ಪೋರ್ಟಿನ ವೇಗ ಇರುವುದೊಂದು, ಖಾಲಿ ಗಾಡಿಗಳ ತೂಕದ್ದೊಂದು, ಚೀಟಿ ನಂಬರಿನದ್ದೊಂದು. ಯಾವ ಸರಪಳಿಗೆ ಯಾವ ಹೆಸರು ಅನ್ನುವುದು ಒಳಗಿನದನ್ನು ಓದಿದಾಗಲೇ ಗೊತ್ತಾಯಿತು. ಫೈಲಿನ ನಿಖರ ಉದ್ದ ಡೈರೆಕ್ಟರಿಯ ಜೊತೆಗೇ ಹೋಗಿತ್ತು. ಪ್ರೋಗ್ರಾಮಿಗೆ ಕೊನೆಯಲ್ಲಿ ನಾಲ್ಕು ಬೈಟ್ ಜಾಸ್ತಿ ಇದ್ದರೆ ತೊಂದರೆ ಇಲ್ಲ. ಅಕ್ಷರದ ಫೈಲುಗಳನ್ನು ಮಾತ್ರ ಕೈಯಾರೆ ಕೊನೆಯ ಸಾಲಿಗೆ ಕತ್ತರಿಸಿದೆ.

ಚೀಟಿ ನಂಬರಿನ ಫೈಲಿನಲ್ಲಿ ಇದ್ದದ್ದು 7316.

ಹೊಸ ಫ್ಲಾಪಿ ಈಗ ಯಾರೂ ತಯಾರಿಸುವ ಹಾಗೆ ಕಾಣುವುದಿಲ್ಲ. ಸೋನಿಯೇ 2011ರಲ್ಲಿ ನಿಲ್ಲಿಸಿತು. ಡಿಟಿಪಿ ಮಾಡುತ್ತಿದ್ದ ಗೆಳೆಯರೊಬ್ಬರು ಹಿಂದೆ ಕೊಟ್ಟಿದ್ದ, ಸೀಲ್ ಒಡೆಯದ ಹತ್ತರ ಪೊಟ್ಟಣ ನನ್ನ ಬಳಿ ಇತ್ತು. ಹತ್ತನ್ನೂ ಫಾರ್ಮ್ಯಾಟ್ ಮಾಡಿದೆ, ಎರಡರಲ್ಲಿ ಕೆಟ್ಟ ಸೆಕ್ಟರ್ ಬಂತು, ಎಸೆದೆ. ನಾಲ್ಕರ ಮೇಲೆ ಡಾಸ್ ಹಾಕಿ ಫೈಲುಗಳನ್ನು ತುಂಬಿದೆ.

ಮರುದಿನ ಮಿಲ್ಲಿಗೆ ಒಯ್ದು ಮೊದಲು ಅಡ್ಡ ಪರೀಕ್ಷೆ ಮಾಡಿದೆ. ನನ್ನ ಡ್ರೈವಿನಲ್ಲಿ ಬರೆದದ್ದನ್ನು ಅಲ್ಲಿ ಓದಿಸಿದೆ. ಅಲ್ಲಿ ಬರೆದ ಒಂದನ್ನು ಅಂಗಡಿಗೆ ತಂದು ಓದಿಸಿದೆ. ಎರಡೂ ಕಡೆ ಓದಿದರೆ ಹೆಡ್ ತನ್ನ ಜಾಗದಲ್ಲಿದೆ. ತಾನು ಬರೆದದ್ದನ್ನು ತಾನೇ ಓದುವ, ಬೇರೆಯವರದ್ದನ್ನು ಓದದ ಡ್ರೈವ್ ಬಹಳ ಅಪಾಯ. ಅದು ಸತ್ತ ದಿನ ಅದರ ಎಲ್ಲಾ ಫ್ಲಾಪಿಗಳೂ ಅದರ ಜೊತೆ ಹೋಗುತ್ತವೆ.

ಕೇಬಲ್ ಕನೆಕ್ಟರಿನ ಮೇಲೆ, ಡ್ರೈವಿನ ಮೇಲೆ ಎರಡೂ ಕಡೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದೆ. ಗೆರೆಗೆ ಗೆರೆ ಕೂಡಿದರೆ ಸರಿ. ಹುಡುಗನ ಕೈಯಿಂದಲೇ ಎರಡು ಸಲ ಬಿಚ್ಚಿಸಿ ಹಾಕಿಸಿದೆ. ಮೂರು ಫ್ಲಾಪಿಗಳ ಕಿಂಡಿ ತೆರೆದು, ಅಕ್ಕಿಯ ಜೊತೆ ಅಲ್ಲ, ಆಫೀಸಿನ ಕಪಾಟಿನಲ್ಲಿ ಡಬ್ಬಿ ಮುಚ್ಚಿ ಇಡಿಸಿದೆ. ಪ್ರತಿ ತಿಂಗಳ ಒಂದನೇ ತಾರೀಖು ಅದರಲ್ಲೊಂದರಿಂದ ಬೂಟ್ ಮಾಡಿ ನೋಡುವುದು ಅವನ ಕೆಲಸ. ಡಿಸ್ಕಿನ ಪೂರ್ತಿ ನಕಲು ನನ್ನ ಬಳಿ ಎರಡು ಕಡೆ ಇದೆ.

ಮಧ್ಯಾಹ್ನ ಹೊತ್ತಿಗೆ ಕಿಂಡಿ ಮುಚ್ಚಿದ ನಾಲ್ಕನೇ ಫ್ಲಾಪಿ ಹಾಕಿ ಆನ್ ಮಾಡಿದೆ. ಸ್ಟಾರ್ಟಿಂಗ್ ಎಂಎಸ್-ಡಾಸ್, ಆಮೇಲೆ ಆ ನೀಲಿ ತೆರೆ. ಕಾಟಾ ಮೇಲೆ ಸೋನಾ ಮಸೂರಿಯ ಒಂದು ಟ್ರ್ಯಾಕ್ಟರ್ ನಿಂತಿತ್ತು. ಇಂಡಿಕೇಟರಿನ ಅಂಕಿ ತೆರೆಯ ಮೇಲೂ ಬಂದು ನಿಂತಿತು. ಹುಡುಗ ಗೋಡೆಯ ಮೊಳೆಗೆ ಚುಚ್ಚಿಟ್ಟಿದ್ದ ಕಾರ್ಬನ್ ಚೀಟಿಗಳಲ್ಲಿ ಮೇಲಿನದನ್ನು ತೆಗೆದು ನೋಡಿದ. ಕಂಪ್ಯೂಟರ್ ಕೊನೆಯದಾಗಿ ಹಾಕಿಕೊಟ್ಟಿದ್ದು, 7316.

ಎಂಟರ್ ಒತ್ತಿದ. ಪ್ರಿಂಟರ್ ಕರ್ ಕರ್ ಅಂತ ಎಳೆಯಿತು. ಅವನು ಚೀಟಿ ಹರಿದು, ನಂಬರ್ ಮೇಲೆ ಬೆರಳಿಟ್ಟು ನನಗೆ ತೋರಿಸಿ, ಕಿಟಕಿಯಿಂದ ಡ್ರೈವರಿಗೆ ಕೊಟ್ಟ. 7317.